ಗೋಧಿಗೆ ಬಾಳು ತೆತ್ತ ಭೂಮಾಪಕ ವಿಲಿಯಂ ಫಾರರ್

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾಕ್ಕೆ ಅಂಟಿಕೊಂಡಂತಿರುವ ಕ್ವೀನ್‌ಬಿಯನ್ ಪಟ್ಟಣವು ವಯಸ್ಸಿನಲ್ಲಿ ಆ ರಾಜಧಾನಿಗಿಂತ ಮುಕ್ಕಾಲು ಶತಮಾನ ಹಿರಿದು. 1838ರಲ್ಲಿ ಸರ್ಕಾರ ಇದನ್ನು ಪಟ್ಟಣವೆಂದು ಘೋಷಿಸಿದಾಗ ಇಲ್ಲಿದ್ದ ಜನಸಂಖ್ಯೆ ಐವತ್ತರ ಆಸುಪಾಸು. ಕ್ಯಾನ್‌ಬೆರಾಕ್ಕೆ ಹೆಸರಿಟ್ಟದ್ದು 1913ರಲ್ಲಿ. ಈ ಹಳೆಯ ಪಟ್ಟಣದ ನಡುವೆ ಫಾರರ್ ಚೌಕವೆಂಬ ಸ್ಥಳವಿದ್ದು, ಅಲ್ಲೊಂದು ಎದೆಮಟ್ಟದ ಪ್ರತಿಮೆಯಿದೆ. ಅದು ಸೇನಾನಿಯದೂ ಅಲ್ಲ, ರಾಜಕಾರಣಿಯದೂ ಅಲ್ಲ. ಸಾವಿರಾರು ಎಕರೆಗಳ ಒಡೆತನದಿಂದಲೇ ಹೆಸರಾದ ಮನೆತನಗಳ ಸೀಮೆಯಲ್ಲಿ ಸುಮಾರು 240 ಎಕರೆ ಭೂಮಿಯೊಂದಿಗೆ ಬದುಕಿ, ಮಕ್ಕಳಿಲ್ಲದೆ ತೀರಿಕೊಂಡ ಒಬ್ಬ ಭೂಮಾಪಕನದು. ಅವರೇ ವಿಲಿಯಂ ಜೇಮ್ಸ್ ಫಾರರ್. ಆಸ್ಟ್ರೇಲಿಯಾ ದಶಮಾನ ನಾಣ್ಯಪದ್ಧತಿಗೆ ಬಂದ 1966ರಲ್ಲಿ ಎರಡು ಡಾಲರ್ ನೋಟಿನ ಒಂದು ಮುಖಕ್ಕೆ ಕುರಿ ಸಾಕಣೆಯ ಆದ್ಯ ಪ್ರವರ್ತಕ ಜಾನ್ ಮೆಕಾರ್ಥರ್‌ರನ್ನು ಆರಿಸಿದರೆ, ಇನ್ನೊಂದು ಮುಖಕ್ಕೆ ಆರಿಸಿದ್ದು ಇವರನ್ನು.

ಧಾನ್ಯ ತರಲು ಹೋದ ಹಡಗು

ಫಾರರ್ ಬದುಕನ್ನು ಹೇಳುವ ಮುನ್ನ ಅವರಿಗೆ ಆಶ್ರಯವಿತ್ತ ಸೀಮೆಯ ಕತೆಯನ್ನು ತುಸು ಹೇಳಬೇಕು. ಏಕೆಂದರೆ ಆ ಕತೆಯ ಬೇರು ಭಾರತದವರೆಗೂ ಚಾಚಿದೆ.

ಈ ಬಯಲುಗಳು ಸಹಸ್ರಾರು ವರ್ಷಗಳಿಂದ ನನ್ನವಾಲ್ ಹಾಗೂ ನೆರೆಯ ಮೂಲನಿವಾಸಿಗಳ ನೆಲೆ. ಬಿಡುಗಡೆ ಹೊಂದಿದ ಕೈದಿ ತಿಮೊತಿ ಬಿಯರ್ಡ್ ಎಂಬಾತ 1820ರ ದಶಕದಲ್ಲಿ ಪರವಾನಗಿಯಿಲ್ಲದೆ ದನ ಮೇಯಿಸುತ್ತ ಇಲ್ಲಿ ತಂಗಿದ್ದ. ಪಟ್ಟಣದ ಹೆಸರೂ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ತಿಳಿನೀರು ಎಂಬುದು ಅದರ ಅರ್ಥವೆಂದು ಹೇಳಲಾಗುತ್ತದೆ. ಬಿಳಿಯರ ಕುರಿಮಂದೆಗಳು ಬಂದಂತೆಲ್ಲ ಮೂಲದವರು ತಮ್ಮ ಬೇಟೆಯ ನೆಲವನ್ನೂ ನೀರಿನ ತಾವುಗಳನ್ನೂ ಕಳೆದುಕೊಂಡರು. ಆದ್ಯ ಮನೆತನಗಳ ವೈಭವವನ್ನು ವರ್ಣಿಸುವ ಬರಹಗಳಲ್ಲಿ ಈ ಮಾತು ಬಹುಕಾಲ ಬಿಟ್ಟುಹೋಗಿತ್ತು.

ಆ ಮನೆತನಗಳಲ್ಲಿ ಮೊದಲನೆಯದು ಕ್ಯಾಂಪ್‌ಬೆಲ್ಲರದು. ಮೂಲಪುರುಷ ರಾಬರ್ಟ್ ಕ್ಯಾಂಪ್‌ಬೆಲ್ ಕಲ್ಕತ್ತೆಯ ವ್ಯಾಪಾರಿ ಸಂಸ್ಥೆಯೊಂದರ ಪಾಲುದಾರರಾಗಿ ಸಿಡ್ನಿಗೆ ಬಂದವರು. 1806ರಲ್ಲಿ ಹಾಕ್ಸ್‌ಬರಿ ನದಿ ಉಕ್ಕಿ ವಸಾಹತಿನ ಬೆಳೆಯನ್ನೆಲ್ಲ ಕೊಚ್ಚಿಕೊಂಡು ಹೋದಾಗ, ಬಂಗಾಳದಿಂದ ಧಾನ್ಯ ತರಲೆಂದು ಸರ್ಕಾರ ಇವರ ಹಡಗನ್ನು ಬಾಡಿಗೆಗೆ ಪಡೆಯಿತು. ಸಿಡ್ನಿ ಎಂಬ ಹೆಸರಿನ ಆ ಹಡಗು ನ್ಯೂಗಿನಿಯ ಬಳಿ ಒಡೆದು ಮುಳುಗಿತು. ಪರಿಹಾರಕ್ಕಾಗಿ ಕ್ಯಾಂಪ್‌ಬೆಲ್ ಸುಮಾರು ಎರಡು ದಶಕ ಕಾಯಬೇಕಾಯಿತು. ಕೊನೆಗೆ 1825ರಲ್ಲಿ ದೊರೆತದ್ದು ಏಳುನೂರು ಚಿಲ್ಲರೆ ಕುರಿಗಳು ಮತ್ತು 4,000 ಎಕರೆ ಜಮೀನು. ಜೇಮ್ಸ್ ಐನ್ಸ್ಲಿ ಎಂಬ ಮೇಲ್ವಿಚಾರಕ ಆ ಕುರಿಗಳನ್ನು ಹೊಡೆದುಕೊಂಡು ಬಂದು ನಿಂತ ಬಯಲೇ ಮುಂದೆ ಡಂಟ್ರೂನ್ ಎಂಬ ಎಸ್ಟೇಟ್ ಆಯಿತು. ಹಸಿದ ಊರಿಗೆ ಭಾರತದ ಧಾನ್ಯ ತರಲು ಹೊರಟು ಮುಳುಗಿದ ಹಡಗಿನಿಂದ ಹುಟ್ಟಿದ ಎಸ್ಟೇಟ್ ಅದು. ಫಾರರ್ ಆಸ್ಟ್ರೇಲಿಯಾದಲ್ಲಿ ಮೊದಲು ಸಂಬಳಕ್ಕೆ ಸೇರಿದ್ದು ಇದೇ ಮನೆಯಲ್ಲಿ.

ಗಣಿತದ ಪದಕ, ಕ್ಷಯದ ಶಾಪ

ಇಂಗ್ಲೆಂಡಿನ ವೆಸ್ಟ್‌ಮರ್ಲೆಂಡ್ ಪ್ರಾಂತ್ಯದ ಕರ್ಬಿ ಲಾನ್ಸ್‌ಡೇಲ್ ಬಳಿಯ ಗೇಣಿ ರೈತ ಕುಟುಂಬವೊಂದರಲ್ಲಿ 1845ರ ಏಪ್ರಿಲ್ 3ರಂದು ಫಾರರ್ ಜನಿಸಿದರು. ಓದಿನಲ್ಲಿ ಚುರುಕು. ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯಲ್ಲಿ ಗಣಿತಕ್ಕೆ ಪದಕಗಳನ್ನು ಗಳಿಸಿ, ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜು ಸೇರಿ, 1868ರಲ್ಲಿ ಪದವಿ ಪಡೆದರು. ಮುಂದೆ ವೈದ್ಯನಾಗಬೇಕೆಂಬ ಹಂಬಲದಿಂದ ಆ ವ್ಯಾಸಂಗ ಆರಂಭಿಸಿದರಾದರೂ ಕ್ಷಯರೋಗ ಅಡ್ಡಬಂದಿತು. ಆ ಕಾಲಕ್ಕೆ ಕ್ಷಯಕ್ಕೆ ಔಷಧವಿರಲಿಲ್ಲ. ಒಣಹವೆಯ ದೇಶಕ್ಕೆ ಹೋಗಿ ನೆಲೆಸುವುದೊಂದೇ ಬಡಜೀವಕ್ಕೆ ಉಳಿದ ಭರವಸೆ. 1870ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಅವರು ಆಸ್ಟ್ರೇಲಿಯಾದ ಹಡಗು ಹತ್ತಿದರು.

ಕೈಯಲ್ಲಿ ಒಂದಿಷ್ಟು ಹಣವಿತ್ತು. ಕುರಿ ಸಾಕಣೆಯ ಭೂಮಿ ಕೊಳ್ಳಬೇಕೆಂಬುದು ಇರಾದೆ. ಅದಕ್ಕೂ ಮೊದಲು ಆ ನಾಡಿನ ರೀತಿನೀತಿ ಅರಿಯಲೆಂದು ಡಂಟ್ರೂನ್‌ನಲ್ಲಿ ರಾಬರ್ಟ್ ಕ್ಯಾಂಪ್‌ಬೆಲ್‌ರ ಮಗ ಜಾರ್ಜ್ ಕ್ಯಾಂಪ್‌ಬೆಲ್‌ರ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದರು. ಪಾಠದ ಬಿಡುವಿನಲ್ಲಿ ಅವರ ಕಣ್ಣು ಹುಲ್ಲುಗಾವಲಿನ ಮೇಲಿತ್ತು. ಯಾವ ಹುಲ್ಲು ಈ ಮಣ್ಣಿಗೆ ಒಗ್ಗುತ್ತದೆ, ಯಾವುದು ಬರ ತಾಳುತ್ತದೆ ಎಂದು ಕಂಡದ್ದನ್ನೂ ಯೋಚಿಸಿದ್ದನ್ನೂ ಸೇರಿಸಿ 1873ರಲ್ಲಿ ಒಂದು ಕಿರುಹೊತ್ತಗೆ ಪ್ರಕಟಿಸಿದರು. ಇಷ್ಟರಲ್ಲಿ ಗಣಿ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದ ಹಣವೆಲ್ಲ ಕರಗಿಹೋಯಿತು. ಕುರಿಯೂ ಇಲ್ಲ, ಭೂಮಿಯೂ ಇಲ್ಲ. ಕಲಿತ ಗಣಿತವೊಂದು ಉಳಿಯಿತು.

ಆ ಗಣಿತವೇ ಅನ್ನ ಕೊಟ್ಟಿತು. 1875ರಲ್ಲಿ ಪರವಾನಗಿ ಪಡೆದ ಭೂಮಾಪಕರಾಗಿ ನ್ಯೂ ಸೌತ್ ವೇಲ್ಸ್‌ನ ಭೂ ಇಲಾಖೆಯ ಕೆಲಸಕ್ಕೆ ಸೇರಿದ ಅವರು ಹನ್ನೊಂದು ವರ್ಷಗಳ ಕಾಲ ಡಬ್ಬೊ, ನಿಂಗನ್, ಕೋಬಾರ್, ಕೂಮಾ ಸೀಮೆಗಳಲ್ಲಿ ಸರಪಳಿ ಹಿಡಿದು ಅಲೆದರು. 1861ರ ಭೂ ಕಾಯ್ದೆಯು ದೊಡ್ಡ ಒಡೆಯರ ಹಿಡಿತದಲ್ಲಿದ್ದ ಸರ್ಕಾರಿ ಜಮೀನನ್ನು ಸಣ್ಣ ರೈತರೂ ಆರಿಸಿಕೊಳ್ಳಬಹುದೆಂದು ಬಾಗಿಲು ತೆರೆದಿತ್ತು. ಹಾಗೆ ಬಂದ ಸಣ್ಣ ರೈತನ ಹೊಲಕ್ಕೆ ಗಡಿಕಲ್ಲು ನೆಡುವುದು ಭೂಮಾಪಕನ ಕೆಲಸ. ಗಡಿ ಗುರುತಿಸಿದ ವರ್ಷ ಗೋಧಿ ಬಿತ್ತಿದವನು ಎರಡು ಮೂರು ಹಂಗಾಮುಗಳಲ್ಲಿ ಸೋತು ಕುಳಿತಿರುವುದನ್ನು ಫಾರರ್ ಊರೂರಿನಲ್ಲೂ ಕಂಡಿರಬೇಕು.

ಭಂಡಾರ ರೋಗದ ಹಾವಳಿ

ಸೋಲಿಗೆ ಕಾರಣ ಬೀಜದಲ್ಲೇ ಇತ್ತು. ವಲಸಿಗರು ಬಿತ್ತುತ್ತಿದ್ದ ತಳಿಗಳ ಪೂರ್ವಿಕರು ಇಂಗ್ಲೆಂಡಿನ ತಂಪು ಹವೆಗೆ ಒಗ್ಗಿದವು. ಅವು ನಿಧಾನವಾಗಿ ಮಾಗುತ್ತಿದ್ದವು. ಒಳನಾಡಿನಲ್ಲಿ ವಸಂತ ಮುಗಿಯುತ್ತಿದ್ದಂತೆ ಬಿಸಿಗಾಳಿ ಬೀಸಿ, ಹಾಲುಗಾಳಿನ ಹಂತದಲ್ಲೇ ತೆನೆ ಬತ್ತುತ್ತಿತ್ತು. ಮಳೆ ಹೆಚ್ಚಾದ ವರ್ಷ ತುಕ್ಕು ರೋಗ ಬರುತ್ತಿತ್ತು. ಧಾರವಾಡ, ವಿಜಯಪುರ ಸೀಮೆಯ ರೈತರು ಭಂಡಾರ ರೋಗವೆಂದು ಕರೆಯುವುದೂ ಈ ತುಕ್ಕನ್ನೇ. ಎಲೆ, ಕಾಂಡಗಳ ಮೇಲೆ ಪುಡಿ ಎರಚಿದಂತೆ ಹರಡಿ, ಗಿಡದ ಸಾರವನ್ನೆಲ್ಲ ಹೀರಿ, ಕಾಳನ್ನು ಜೊಳ್ಳಾಗಿಸುವ ಬೂಷ್ಟು ಅದು. 1889ರಲ್ಲಿ ಅದು ಆಸ್ಟ್ರೇಲಿಯಾದ ವಸಾಹತುಗಳಲ್ಲಿ ಮಾಡಿದ ಹಾನಿಯನ್ನು ಕಂಡು ಸರ್ಕಾರಗಳು ಒಟ್ಟಾಗಿ 1890ರಿಂದ 1896ರವರೆಗೆ ತುಕ್ಕು ರೋಗದ ಸಮ್ಮೇಳನಗಳನ್ನೇ ನಡೆಸಬೇಕಾಯಿತು.

ಫಾರರ್ ಈ ವಿಷಯವನ್ನು ಅದಕ್ಕೂ ಮೊದಲೇ ಹಿಡಿದಿದ್ದರು. 1882ರಲ್ಲಿಯೇ ಪತ್ರಿಕೆಯಲ್ಲಿ ನಡೆದ ವಾದವೊಂದರಲ್ಲಿ, ಆಯ್ಕೆ ಮತ್ತು ಸಂಕರದಿಂದ ಈ ನೆಲಕ್ಕೆ ತಕ್ಕ ಗೋಧಿಯನ್ನು ರೂಪಿಸಬಹುದೆಂಬ ಪಕ್ಷ ಅವರದಾಗಿತ್ತು. ಹೊಲವೇ ಇಲ್ಲದ ಭೂಮಾಪಕನ ಮಾತಿಗೆ ಆಗ ಯಾರೂ ಬೆಲೆ ಕೊಡಲಿಲ್ಲ.

ಅದೇ 1882ರಲ್ಲಿ ಅವರ ವಿವಾಹವಾಯಿತು. ವಧು ನೀನಾ ಡಿ ಸಾಲಿಸ್. ಕ್ಯಾಂಪ್‌ಬೆಲ್ಲರಂತೆಯೇ ಡಿ ಸಾಲಿಸರದೂ ಈ ಸೀಮೆಯ ಹಿರಿಯ ಮನೆತನ. ಮಾವ ಲಿಯೊಪೋಲ್ಡ್ ಫೇನ್ ಡಿ ಸಾಲಿಸ್ ಯುರೋಪಿನ ಸಾಮಂತ ವಂಶದವರು. ಇಟಲಿಯ ಫ್ಲಾರೆನ್ಸ್‌ನಲ್ಲಿ 1816ರಲ್ಲಿ ಹುಟ್ಟಿ, 1840ರಲ್ಲಿ ಸಿಡ್ನಿಗೆ ಬಂದು, 1850ರ ದಶಕದಲ್ಲಿ ಮರಂಬಿಜಿ ನದಿಯ ದಡದ ಕಪ್ಪಕಂಬಲಾಂಗ್ ಎಂಬ ವಿಶಾಲ ಕುರಿ ಸಾಕಣೆಯ ನೆಲೆಯನ್ನು ಕೊಂಡವರು. 1864ರಿಂದ 1869ರವರೆಗೆ ಕ್ವೀನ್‌ಬಿಯನ್ ಕ್ಷೇತ್ರದ ಶಾಸಕರಾಗಿ, ಮುಂದೆ ಮೇಲ್ಮನೆಯ ಸದಸ್ಯರಾಗಿ ರಾಜಕೀಯದಲ್ಲೂ ಪ್ರಭಾವಶಾಲಿ. ಅಂಥವರ ಮಗಳು ಸರ್ಕಾರಿ ಸರಪಳಿ ಎಳೆಯುವವನ ಕೈಹಿಡಿದದ್ದು ಸಣ್ಣ ಸಂಗತಿಯಲ್ಲ.

ನದಿದಂಡೆಯ ಪುಟ್ಟ ಪಾತಿಗಳು

1886ರಲ್ಲಿ ಇಲಾಖೆಯ ಕೆಲಸಕ್ಕೆ ರಾಜೀನಾಮೆಯಿತ್ತ ಫಾರರ್, ಕಪ್ಪಕಂಬಲಾಂಗ್‌ನ ನೆರೆಯಲ್ಲೇ, ಥಾರ್ವಾ ಹಳ್ಳಿಯ ಸಮೀಪದ ನದಿದಂಡೆಯಲ್ಲಿ ನೆಲೆಸಿದರು. ತಮ್ಮ ಹುಟ್ಟೂರ ಸೀಮೆಯ ಹೆಸರನ್ನೇ ಇಟ್ಟು ಆ ತಾಣವನ್ನು ಲ್ಯಾಂಬ್ರಿಗ್ ಎಂದು ಕರೆದರು. ಮೊದಲ ಯೋಚನೆ ದ್ರಾಕ್ಷಿ ತೋಟದ್ದು. ಮಣ್ಣು ಅದಕ್ಕೆ ಒಲಿಯಲಿಲ್ಲ. ಆಮೇಲೆ ಪೂರ್ತಿಯಾಗಿ ಗೋಧಿಯತ್ತ ತಿರುಗಿದರು.

ಮೊದಲ ಎರಡು ಮೂರು ವರ್ಷ ಸಿಕ್ಕ ತಳಿಗಳಲ್ಲೇ ಒಳ್ಳೆಯ ಗಿಡಗಳನ್ನು ಆರಿಸಿ ಬೀಜ ಹಿಡಿದು ನೋಡಿದರು. ಅಷ್ಟರಿಂದ ಸಾಲದೆಂದು ಮನವರಿಕೆಯಾದ ಬಳಿಕ 1889ರಲ್ಲಿ ಸಂಕರ ಕಾರ್ಯ ಆರಂಭಿಸಿದರು. ಈ ಕೆಲಸದ ಸೂಕ್ಷ್ಮ ತಿಳಿಯದೆ ಅವರ ಶ್ರಮದ ಅಳತೆ ಸಿಗದು. ಗೋಧಿಯ ಹೂವು ತನ್ನೊಳಗೆ ತಾನೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದು. ಆದ್ದರಿಂದ ಹೂ ಅರಳುವ ಮುನ್ನವೇ ಸಿಪ್ಪೆ ಬಿಡಿಸಿ, ಒಳಗಿನ ಮೂರು ಕೇಸರಗಳನ್ನು ಒಡೆಯದಂತೆ ಕಿತ್ತು, ಬೇರೆ ತಳಿಯ ಪರಾಗವನ್ನು ತಂದು ಮುಟ್ಟಿಸಿ, ತೆನೆಯನ್ನು ಮುಚ್ಚಿಡಬೇಕು. ಇಷ್ಟು ಮಾಡಿದರೆ ಹೂವೊಂದಕ್ಕೆ ಸಿಗುವುದು ಒಂದೇ ಕಾಳು. ಅದನ್ನು ಬಿತ್ತಿ ಬಂದ ಗಿಡದ ಮಕ್ಕಳಲ್ಲಿ ಒಂದರಂತೆ ಇನ್ನೊಂದಿರದು. ಆ ಗೊಂದಲದಿಂದ ಬೇಕಾದುದನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ ತಳಿ ಸ್ಥಿರವಾಗಲು ನಾಲ್ಕೈದು ವರ್ಷ ಬೇಕು. ಸಸ್ಯಗಳ ಅನುವಂಶೀಯತೆಯ ಬಗ್ಗೆ ಮೆಂಡಲ್ 1866ರಲ್ಲೇ ಪ್ರಕಟಿಸಿದ್ದ ನಿಯಮಗಳು 1900ರವರೆಗೆ ಲೋಕದ ಕಣ್ಣಿಗೆ ಬಿದ್ದಿರಲಿಲ್ಲ. ಡಾರ್ವಿನ್ನನ ವಿಚಾರಗಳು, ಗಣಿತದ ಶಿಸ್ತು, ತಮ್ಮ ಕಣ್ಣು – ಫಾರರ್ ಬಳಿ ಇದ್ದ ಬಂಡವಾಳ ಇಷ್ಟೇ.

ಬೀಜಕ್ಕಾಗಿ ಅವರು ದೇಶದೇಶಗಳಿಗೆ ಪತ್ರ ಬರೆದರು. ಅಮೆರಿಕದ ಕೊಲರಾಡೊದ ಪ್ರಾಧ್ಯಾಪಕ ಬ್ಲೌಂಟ್‌ರಿಂದ ಬೀಜ ಬಂತು. ಕೆನಡಾದ ಫೈಫ್ ಗೋಧಿ ಬಂತು. ಅದರ ಹಿಟ್ಟು ಬಲು ಕಸುವುಳ್ಳದ್ದು, ಆದರೆ ಗಿಡ ತಡವಾಗಿ ಮಾಗುವಂಥದು. ಭಾರತದಿಂದ ಬಂದ ತಳಿಗಳ ಗುಣ ಬೇರೆ. ಅವು ಕಡಿಮೆ ನೀರಿನಲ್ಲಿ ಬೆಳೆದು, ಬಿಸಿಲು ಏರುವ ಮುನ್ನವೇ ಮಾಗಿ ಕೂರುತ್ತಿದ್ದವು. ಇಂದಿನ ಉತ್ತರ ಪ್ರದೇಶದ ಇಟಾವಾ ಊರಿನ ಹೆಸರು ಹೊತ್ತ ತಳಿಯೊಂದು ಅವುಗಳಲ್ಲಿತ್ತು. ಯಾವ ಸೀಮೆಯ ರೈತರು ಎಷ್ಟು ತಲೆಮಾರುಗಳ ಕಾಲ ಆರಿಸುತ್ತ ಬಂದು ಆ ಗುಣವನ್ನು ಅದರಲ್ಲಿ ಊರಿಸಿದ್ದರೋ, ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಸರಿಸುಮಾರು ಇದೇ ಕಾಲದಲ್ಲಿ ಕೆನಡಾದ ತಳಿ ವಿಜ್ಞಾನಿಗಳೂ ಕಲ್ಕತ್ತೆಯ ಹೆಸರಿನ ಕೆಂಪು ಗೋಧಿಯನ್ನು ಫೈಫ್ ಜತೆ ಸಂಕರಗೊಳಿಸಿದ್ದರು. ಮುಂದೆ ಅದರಿಂದ ಬಂದದ್ದೇ ಆ ನಾಡಿನ ಹೆಸರಾಂತ ಮಾರ್ಕ್ವಿಸ್ ಗೋಧಿ.

ಮಾವನ ಮನೆ ಮುಳುಗಿತು

ಫಾರರ್ ಪಾತಿಗಳಲ್ಲಿ ತಗ್ಗಿ ಕುಳಿತಿದ್ದ ಆ ವರ್ಷಗಳಲ್ಲೇ ಸುತ್ತಲಿನ ದೊಡ್ಡ ಮನೆತನಗಳ ಬುಡ ಅಲುಗಾಡತೊಡಗಿತ್ತು. 1890ರ ದಶಕದಲ್ಲಿ ಬ್ಯಾಂಕುಗಳು ಮುಗ್ಗರಿಸಿದವು, ಉಣ್ಣೆಯ ಬೆಲೆ ಕುಸಿಯಿತು, ಬೆನ್ನಿಗೇ ದೀರ್ಘ ಬರ. ಸಾಲದಲ್ಲಿ ಸಿಲುಕಿದ ಡಿ ಸಾಲಿಸ್ ಮನೆತನ ಕಪ್ಪಕಂಬಲಾಂಗ್ ಅನ್ನು ಕಳೆದುಕೊಂಡಿತು. ನದಿಯ ಎರಡೂ ದಂಡೆಗಳಲ್ಲಿ ಕುರಿ ಮೇಯಿಸಿದ್ದ ವೃದ್ಧ ಲಿಯೊಪೋಲ್ಡ್ ಕೊನೆಗೆ ಆಶ್ರಯ ಪಡೆದದ್ದು ಮಗಳು ಅಳಿಯನ ಪುಟ್ಟ ಲ್ಯಾಂಬ್ರಿಗ್‌ನಲ್ಲಿ. 1898ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ದಿನಗಳಲ್ಲಿ ಮನೆಯ ಒಳಹೊರಗನ್ನು ನೀನಾ ಹೇಗೆ ತೂಗಿಸಿದರೆಂಬುದು ಊಹೆಗೆ ಬಿಟ್ಟ ವಿಷಯ. ತಂದೆಯ ಸಾವಿರಾರು ಎಕರೆ ಹೋಯಿತು. ಪತಿಯ ಪ್ರಯೋಗದಿಂದ ಅದುವರೆಗೆ ಚಿಕ್ಕಾಸೂ ಬಂದಿರಲಿಲ್ಲ.

ಪ್ರಯೋಗದ ಮಟ್ಟಿಗೆ ಮಾತ್ರ ಅದೇ ದಶಕ ಫಲ ಕೊಟ್ಟಿತು. ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಗತ್ರಿ ಜತೆಗೂಡಿದರು. ಹೊಸ ತಳಿಯ ಕಾಳು ಮೊದಲ ವರ್ಷಗಳಲ್ಲಿ ಸಿಗುವುದು ಬೊಗಸೆಯಷ್ಟು. ಅದನ್ನು ಹಿಟ್ಟಿನ ಗಿರಣಿಗೆ ಹಾಕಿ ಪರೀಕ್ಷಿಸುವುದು ಹೇಗೆ? ಗತ್ರಿ ಬೊಗಸೆ ಕಾಳನ್ನೇ ಬೀಸಿ, ಹಿಟ್ಟಿನ ಕಸುವನ್ನು ಅಳೆದು, ಬ್ರೆಡ್ ಸುಟ್ಟು ನೋಡುವ ಪುಟಾಣಿ ಗಿರಣಿಯ ಪದ್ಧತಿಯನ್ನು ರೂಪಿಸಿದರು. ಅದರಿಂದ ಹಲವು ವರ್ಷ ಬೆಳೆಸಿದ ಮೇಲೆ ತಿಳಿಯುತ್ತಿದ್ದ ಗುಣ ಆರಂಭದಲ್ಲೇ ತಿಳಿಯತೊಡಗಿತು. ಗೋಧಿ ಸುಧಾರಣೆಯ ಇತಿಹಾಸದಲ್ಲಿ ಗತ್ರಿಯವರ ಪಾಲಿಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲವೆಂದೇ ಹೇಳಬೇಕು.

ಗಿರಣಿ ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಅವರಿಗೆ ಬೇಕಾದದ್ದು ಮೆತ್ತನೆಯ ಬಿಳಿ ಕಾಳು. ಗಟ್ಟಿ ಕಾಳಿಗೆ ಅವರ ಯಂತ್ರ ಹೊಂದುತ್ತಿರಲಿಲ್ಲ, ಬೆಲೆಯನ್ನೂ ಇಳಿಸುತ್ತಿದ್ದರು. ಕಸುವಿನ ಹಿಟ್ಟು ಹೆಚ್ಚು ನೀರು ಹೀರಿ ಹೆಚ್ಚು ಬ್ರೆಡ್ ಕೊಡುತ್ತದೆಂದು ಫಾರರ್ ಮತ್ತು ಗತ್ರಿ ವರ್ಷಗಟ್ಟಲೆ ವಾದಿಸಬೇಕಾಯಿತು.

1898ರಲ್ಲಿ ನ್ಯೂ ಸೌತ್ ವೇಲ್ಸ್ ಕೃಷಿ ಇಲಾಖೆಯು ಫಾರರ್‌ರನ್ನು ವಾರ್ಷಿಕ 350 ಪೌಂಡ್ ಸಂಬಳದ ಮೇಲೆ ಗೋಧಿ ಪ್ರಯೋಗತಜ್ಞರನ್ನಾಗಿ ನೇಮಿಸಿತು. ಹನ್ನೆರಡು ವರ್ಷ ಸ್ವಂತ ಖರ್ಚಿನಿಂದ ನಡೆಸಿದ ಕೆಲಸಕ್ಕೆ ದೊರೆತ ಮೊದಲ ಕೂಲಿ ಅದು. ವಾಗಾ ವಾಗಾ, ಕೌರಾ, ಬಾಥರ್ಸ್ಟ್, ಒಣಸೀಮೆಯ ಕೂಲಬಾ ಮುಂತಾದ ಸರ್ಕಾರಿ ಪ್ರಯೋಗ ಕ್ಷೇತ್ರಗಳಲ್ಲಿ ಅವರ ತಳಿಗಳನ್ನು ಬೆಳೆದು ಪರೀಕ್ಷಿಸಲಾಯಿತು. ಕೌರಾದಲ್ಲಿ ಜಾರ್ಜ್ ಸಟನ್ ಅವರ ಬಲಗೈಯಾದರು.

ಫೆಡರೇಷನ್ ಗೋಧಿ

1901ರ ಜನವರಿ 1ರಂದು ಆಸ್ಟ್ರೇಲಿಯಾದ ಆರು ವಸಾಹತುಗಳು ಒಂದು ಒಕ್ಕೂಟವಾದವು. ಅದೇ ವರ್ಷ ರೈತರ ಕೈ ಸೇರಿದ ಹೊಸ ತಳಿಗೆ ಫಾರರ್ ಇಟ್ಟ ಹೆಸರು ಫೆಡರೇಷನ್. ಕೆನಡಾದ ಫೈಫ್ ಮತ್ತು ಇಟಾವಾ ಗೋಧಿಗಳ ಸಂಕರದಿಂದ ಮೊದಲು ಯಾಂಡಿಲ್ಲಾ ಎಂಬ ತಳಿ ಹುಟ್ಟಿತ್ತು. ಅದನ್ನು ಸ್ಥಳೀಯ ರೈತರ ನೆಚ್ಚಿನ ಪರ್ಪಲ್ ಸ್ಟ್ರಾ ಜತೆ ಕೂಡಿಸಿ ಪಡೆದದ್ದು ಫೆಡರೇಷನ್.

ನೋಡಲು ಅದು ಚೆಲುವಿನದಲ್ಲ. ತೆನೆ ಮಂಕಾದ ಕಂದು ಬಣ್ಣ, ಗಿಡ ಗಿಡ್ಡ. ಹೊನ್ನಿನ ಬಣ್ಣದ ಎತ್ತರದ ಪೈರನ್ನು ಕಂಡು ಬೆಳೆದ ರೈತರಿಗೆ ಮೊದಲ ನೋಟಕ್ಕೆ ಹಿಡಿಸಲಿಲ್ಲ. ಆದರೆ ಗಿಡ್ಡ ಕಾಂಡ ಗಟ್ಟಿಯಾಗಿತ್ತು, ಗಾಳಿಗೆ ಮಲಗುತ್ತಿರಲಿಲ್ಲ. ತೆನೆಯನ್ನಷ್ಟೇ ಬಾಚಿ ಕೊಯ್ಯುವ ಆಸ್ಟ್ರೇಲಿಯಾದ ಕಟಾವು ಯಂತ್ರಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಬೇಗ ಮಾಗುತ್ತಿತ್ತು, ಇಳುವರಿ ಹೆಚ್ಚು. ಶತಮಾನದ ತಿರುವಿನ ಆ ಭೀಕರ ಬರ 1902ರಲ್ಲಿ ಶಿಖರ ಮುಟ್ಟಿದಾಗ ಒಣಸೀಮೆಗೆ ತಕ್ಕ ಗೋಧಿಯ ಬೆಲೆ ರೈತರಿಗೆ ಅರಿವಾಗತೊಡಗಿತು. ಸುಮಾರು 1910ರಿಂದ 1925ರವರೆಗೆ ಆಸ್ಟ್ರೇಲಿಯಾದಲ್ಲಿ ಅತಿ ಹೆಚ್ಚು ಬಿತ್ತನೆಯಾದ ಗೋಧಿ ಇದೇ. ಅಮೆರಿಕದ ವಾಯವ್ಯ ರಾಜ್ಯಗಳಲ್ಲೂ ಅದು ಬೇರೂರಿತು. ಕಾಳನ್ನು ಕಪ್ಪುಪುಡಿಯಾಗಿಸುವ ಕಾಡಿಗೆ ರೋಗ ತಾಳುವ ಫ್ಲಾರೆನ್ಸ್, ಒಳ್ಳೆಯ ಹಿಟ್ಟು ಕೊಡುವ ಕಮ್‌ಬ್ಯಾಕ್ ಮುಂತಾದ ತಳಿಗಳೂ ಫಾರರ್ ಪಾತಿಗಳಿಂದಲೇ ಬಂದವು.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಫಾರರ್ ಹೊರಟದ್ದು ತುಕ್ಕು ರೋಗವನ್ನು ಗೆಲ್ಲುವ ಗೋಧಿಗಾಗಿ. ಫೆಡರೇಷನ್‌ಗೆ ಆ ಶಕ್ತಿಯಿರಲಿಲ್ಲ. ರೋಗ ಬಲಿಯುವ ಮುನ್ನ ಮಾಗಿ ತಪ್ಪಿಸಿಕೊಳ್ಳುತ್ತಿತ್ತು, ಅಷ್ಟೇ. ಹಿಟ್ಟಿನ ಕಸುವಿನಲ್ಲೂ ಅವರು ಬಯಸಿದ ಎತ್ತರಕ್ಕೆ ಅದು ಏರಲಿಲ್ಲ. 1916ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ತುಕ್ಕು ಮತ್ತೆ ಸಾಂಕ್ರಾಮಿಕವಾಗಿ ಎರಗಿದಾಗ ಫೆಡರೇಷನ್ ಹೊಲಗಳೂ ನೆಲಕಚ್ಚಿದವು. ತುಕ್ಕಿನ ಬೂಷ್ಟಿನಲ್ಲೇ ನಾನಾ ಪಂಗಡಗಳಿದ್ದು, ಒಂದನ್ನು ತಡೆದ ತಳಿ ಇನ್ನೊಂದಕ್ಕೆ ಸೋಲುತ್ತದೆಂಬುದು ಮುಂದಿನ ತಲೆಮಾರಿನ ವಿಜ್ಞಾನಿಗಳು ಕಂಡುಕೊಂಡ ಸತ್ಯ. ಫಾರರ್ ಹೊರಟ ಗುರಿಗೆ ಮುಟ್ಟಲಿಲ್ಲ. ಆದರೆ ದಾರಿಯಲ್ಲಿ ಅವರಿಗೆ ಸಿಕ್ಕಿದ್ದರಿಂದ, ಕುರಿಗಷ್ಟೇ ಯೋಗ್ಯವೆಂದುಕೊಂಡಿದ್ದ ಒಳನಾಡು ಗೋಧಿಯ ಸೀಮೆಯಾಯಿತು. ಗಡಿಕಲ್ಲು ನೆಟ್ಟಿದ್ದ ಸಣ್ಣ ರೈತರಿಗೆ ಅವರು ಕೊಟ್ಟದ್ದು ಇದು.

ತಳಿಗಳ ಮೇಲೆ ಅವರು ಯಾವ ಹಕ್ಕನ್ನೂ ಸಾಧಿಸಲಿಲ್ಲ. ಕೇಳಿದ ರೈತರಿಗೆ ಬೀಜ ಕೊಟ್ಟರು, ಕೇಳಿದ ವಿಜ್ಞಾನಿಗಳಿಗೆ ದೀರ್ಘ ಪತ್ರ ಬರೆದರು.

ಬೆಟ್ಟದ ಮೇಲಿನ ಸಮಾಧಿ

1906ರ ಏಪ್ರಿಲ್ 16ರಂದು ಲ್ಯಾಂಬ್ರಿಗ್‌ನಲ್ಲಿಯೇ ಹೃದ್ರೋಗದಿಂದ ಫಾರರ್ ನಿಧನರಾದರು. ವಯಸ್ಸು 61. ಫೆಡರೇಷನ್ ದೇಶದ ಮೊದಲ ಗೋಧಿಯಾದುದನ್ನು ಅವರು ನೋಡಲಿಲ್ಲ. ಮನೆಯ ಮೇಲಣ ಗುಡ್ಡದಲ್ಲಿ, ನದಿ ಕಾಣುವ ಕಡೆ, ಅವರನ್ನು ಮಣ್ಣುಮಾಡಲಾಯಿತು. ಪ್ರಯೋಗಗಳನ್ನು ಸಟನ್ ಮುಂದುವರಿಸಿದರು.

1911ರಲ್ಲಿ ಅವರ ನೆನಪಿನ ನಿಧಿ ಸ್ಥಾಪನೆಯಾಯಿತು. ಟ್ಯಾಮ್‌ವರ್ತ್ ಬಳಿಯ ಕೃಷಿ ಪ್ರೌಢಶಾಲೆ, ಸಂಸತ್ತಿನ ಒಂದು ಕ್ಷೇತ್ರ, ಕ್ಯಾನ್‌ಬೆರಾದ ಒಂದು ಬಡಾವಣೆ ಮುಂದೆ ಅವರ ಹೆಸರು ಪಡೆದವು. 1911ರಲ್ಲಿಯೇ ಲ್ಯಾಂಬ್ರಿಗ್, ಕಪ್ಪಕಂಬಲಾಂಗ್, ಡಂಟ್ರೂನ್ ಮೂರೂ ಹೊಸ ರಾಜಧಾನಿ ಪ್ರದೇಶಕ್ಕೆ ಸೇರಿದವು. ಕ್ಯಾಂಪ್‌ಬೆಲ್ಲರ ಡಂಟ್ರೂನ್ ಅದೇ ವರ್ಷ ಸೈನಿಕ ಕಾಲೇಜಾಯಿತು. ಕ್ವೀನ್‌ಬಿಯನ್ ಮಾತ್ರ ಗಡಿಯ ಆಚೆ ನ್ಯೂ ಸೌತ್ ವೇಲ್ಸ್‌ನಲ್ಲೇ ಉಳಿಯಿತು. ಫಾರರ್ ಚಿತ್ರವಿದ್ದ ಎರಡು ಡಾಲರ್ ನೋಟು 1988ರಲ್ಲಿ ನಾಣ್ಯಕ್ಕೆ ದಾರಿಬಿಟ್ಟು ಚಲಾವಣೆಯಿಂದ ಸರಿಯಿತು.

ಪತಿಯ ನಂತರ ನೀನಾ ಎರಡು ದಶಕಗಳಿಗೂ ಮೀರಿ ಬಾಳಿದರು. ಕಪ್ಪಕಂಬಲಾಂಗ್‌ನಲ್ಲಿ, ನದಿಯ ಸಂಗಮದ ಬಳಿ, ಡಿ ಸಾಲಿಸ್ ಮನೆತನದ್ದೇ ಒಂದು ರುದ್ರಭೂಮಿಯಿದೆ. ಆದರೆ 1929ರಲ್ಲಿ ತೀರಿಕೊಂಡ ನೀನಾರನ್ನು ಸಮಾಧಿ ಮಾಡಿದ್ದು ಲ್ಯಾಂಬ್ರಿಗ್‌ನ ಗುಡ್ಡದ ಮೇಲೆ, ಫಾರರ್ ಪಕ್ಕದಲ್ಲಿ.